ಕಣ್ಣಿನ ಅಳತೆ

ಬಲೆಯಲ್ಲಿರುವ ತೂತಿಗೆ ಕಣ್ಣು ಅಂತಾರೆ.
ನನಗಿದು ಗೊತ್ತಾದದ್ದು ನೌಕರಿಯ ಹನ್ನೊಂದನೇ ವರ್ಷ,
ಶಿವಮೊಗ್ಗದ ಕಚೇರಿಯ ಎರಡನೇ ಮಹಡಿಯಲ್ಲಿ
ಎರಡು ಕಡತ ಒಂದೇ ಟೇಬಲ್ಲಿಗೆ ಬಂದ ಮಧ್ಯಾಹ್ನ.

ಹಸಿರು ಕಡತ ಮೀನುಗಾರಿಕೆಯದು:
ಹಿನ್ನೀರಿನಲ್ಲಿ ಬಲೆಯ ಕಣ್ಣು
ಅರವತ್ತು ಮಿಲಿಮೀಟರಿಗೆ ಕಡಿಮೆ ಇರತಕ್ಕದ್ದಲ್ಲ.
ಇದ್ದರೆ ಜಪ್ತಿ, ದಂಡ, ಪರವಾನಗಿ ಅಮಾನತು.
ಕೆಂಪು ಕಡತ ಅಭಿವೃದ್ಧಿ ನಿಧಿಯದು:
ಹಿಂದುಳಿದ ದಡಗಳ ಮೀನುಗಾರರಿಗೆ ಉಚಿತ ಬಲೆ,
ಮುನ್ನೂರು ನಗ, ಕಣ್ಣು ನಲವತ್ತು.
ಟೆಂಡರು ಮುಗಿದಿದೆ.

ಎರಡರ ಮೇಲೂ ಅದೇ ಮುದ್ರೆ, ಗಂಡಭೇರುಂಡ.
ಅವತ್ತೇ ನಾನದನ್ನು ಸರಿಯಾಗಿ ನೋಡಿದ್ದು:
ಒಂದೇ ಹೊಟ್ಟೆ,
ಒಂದು ತಲೆ ಆ ಕಡೆ, ಇನ್ನೊಂದು ಈ ಕಡೆ.

ಟಿಪ್ಪಣಿ ಬರೆದೆ. 'ಎರಡನ್ನೂ ತಾಳೆ ಮಾಡುವುದು ಸೂಕ್ತ.'
'ಚರ್ಚಿಸಿ' ಎಂದು ಬಂತು.
ಚರ್ಚಿಸಲು ಹೋದರೆ ಸಾಹೇಬರು ಸಭೆಯಲ್ಲಿದ್ದರು.
ನಿಧಿಯ ವರ್ಷ ಮುಗಿಯುವುದು ಮಾರ್ಚಿಗೆ,
ಮೀನಿನ ವರ್ಷ ಶುರುವಾಗುವುದು ಮೃಗಶಿರಕ್ಕೆ,
ಹೊಟ್ಟೆ ತುಂಬ ಮೊಟ್ಟೆ ಹೊತ್ತು
ಹತ್ತುಮೀನು ಹಳ್ಳದ ಕೆಂಪು ನೀರನ್ನು ಏರುವಾಗ.
ಆಗ ಬಲೆ ಬೀಸುವಂತಿಲ್ಲ, ಅದೂ ನಿಯಮ,
ಅದು ಒಳ್ಳೆಯ ನಿಯಮ.
ಆ ಎರಡು ತಿಂಗಳ ಅಕ್ಕಿಗೆ ದುಡ್ಡೂ ಇದೆ ನಿಧಿಯಲ್ಲಿ.
ಆದರೆ ಬರುವುದು ಮಾರ್ಚಿ ಮೂವತ್ತಕ್ಕೆ,
ಹಸಿದವರು ಉಂಡು ಕೈತೊಳೆದು ಎಷ್ಟೋ ಹೊತ್ತಾದ ಮೇಲೆ.

ಹಸಿರುಮಕ್ಕಿಯ ಆಚೆ ದಡದ ಸಂಘದಿಂದ
ಕಾರ್ಯದರ್ಶಿ ಲೋಕಮ್ಮನ ಅರ್ಜಿ, ರೂಲು ಹಾಳೆಯಲ್ಲಿ:
'ಬಲೆ ಮುಟ್ಟಿದೆ. ಹಾಕಿದರೆ ತಿಪ್ಪೇಶಿ ಸಾಹೇಬರು ಹಿಡಿಯುತ್ತಾರೆ,
ಹಾಕದಿದ್ದರೆ ಬಳಕೆ ಪ್ರಮಾಣಪತ್ರ ಕೊಡಿ ಅಂತೀರಿ.
ಯಾವುದಕ್ಕೆ ಸಹಿ ಹಾಕಲಿ?'
ಮೀನಿನ ವಾಸನೆ ಇರಲಿಲ್ಲ ಕಾಗದಕ್ಕೆ.
ಸೀಮೆಎಣ್ಣೆಯದಿತ್ತು.

ಸ್ಥಳ ಪರಿಶೀಲನೆಗೆ ಹೋದದ್ದು ಪುಷ್ಯ ಮಳೆಯಲ್ಲಿ.
ಲಾಂಚಿನಲ್ಲಿ ನಾನು, ತಿಪ್ಪೇಶಿ,
ಅವನ ಉಕ್ಕಿನ ಸ್ಕೇಲು, ನನ್ನ ಕೊಡೆ.
ಸಂಘದ ತಗಡಿನ ಶೆಡ್ಡಿನಲ್ಲಿ ಏಳೆಂಟು ಹೆಂಗಸರು,
ಹೊಸ ಬಲೆಯನ್ನು ಬಿಚ್ಚುತ್ತಿದ್ದರು.
ಬಿಚ್ಚಲು ಬಾರದ ಗಂಟಿಗೆ ಬ್ಲೇಡು.
ನೂಲನ್ನು ಉಂಡೆ ಕಟ್ಟಿ
ಅದೇ ನೂಲಲ್ಲಿ ಮತ್ತೆ ಹೆಣೆಯುತ್ತಿದ್ದರು,
ಬಿದಿರ ಪಟ್ಟಿಗೆ ಒಂದು ಸುತ್ತು, ಒಂದು ಗಂಟು.
'ಬಲೆ ಬಿಡೋ ಹಂಗಿಲ್ವಲ್ಲ, ಕೈ ಖಾಲಿ' ಅಂದಳು ಲೋಕಮ್ಮ
ತಲೆ ಎತ್ತದೆ.

ತಿಪ್ಪೇಶಿ ಸ್ಕೇಲು ಹಿಡಿದ. ಅರವತ್ತು.
ಇನ್ನೊಂದು ಕಡೆ ಹಿಡಿದ. ಅರವತ್ತೊಂದು.
ಸ್ಕೇಲನ್ನು ಜೇಬಿಗೆ ಹಾಕಿ
ಹೊರಗೆ ಹೋಗಿ ಮಳೆ ನೋಡುತ್ತ ನಿಂತ.
'ಮರಿ ಹೋಗ್ಲಿ ಸಾರ್, ಮುಂದಿನ ವರ್ಷ ಅದರವ್ವ ಆಗಿ ಬರ್ತದೆ.'
ಇದನ್ನು ಯಾವ ಕಡತವೂ
ಇಷ್ಟು ಚಿಕ್ಕದಾಗಿ ಹೇಳಿರಲಿಲ್ಲ.

ಕಣ್ಣು ದೊಡ್ಡದಾದರೆ ಬಲೆಯೂ ಉದ್ದವಾಗುತ್ತದೆ.
ನನಗಿದೂ ಗೊತ್ತಿರಲಿಲ್ಲ.
ಲೆಕ್ಕಪರಿಶೋಧನೆಯವರಿಗೆ ಗೊತ್ತಾಯಿತು:
'ವಿತರಿಸಿದ್ದು ಐವತ್ತು ಮೀಟರು, ಸ್ಥಳದಲ್ಲಿ ಕಂಡದ್ದು ಅರವತ್ತೆಂಟು.
ಹೆಚ್ಚುವರಿ ಹದಿನೆಂಟರ ಮೂಲ ಯಾವುದು?
ಅನುದಾನದ ಸ್ವತ್ತನ್ನು ತಿದ್ದಲು ಅನುಮತಿ ಕೊಟ್ಟವರು ಯಾರು?
ಏಳು ದಿನದೊಳಗೆ ವಿವರಣೆ.'

ಏಳು ದಿನ ಮುಗಿದು ಎರಡು ಮಳೆಗಾಲ ಆಯಿತು.
ಉತ್ತರದ ಕಾಲಂ ಇನ್ನೂ ಖಾಲಿ.
ಹೊರಡುವಾಗ ಲೋಕಮ್ಮ ಕೊಟ್ಟ ಬಿದಿರ ಪಟ್ಟಿಯನ್ನು,
ಮೂರು ಬೆರಳಗಲ, ನೂಲು ತಿಕ್ಕಿ ತಿಕ್ಕಿ ಅಂಚು ನುಣುಪು,
ಕಡತದಲ್ಲಿ ಸೇರಿಸಿ
ಪುಟ ಸಂಖ್ಯೆ ಹಾಕಿದ್ದೇನೆ: ಎಂಬತ್ತೇಳು.
ಹಸಿರಿಗೂ ಕೆಂಪಿಗೂ ಈಗ ಒಂದೇ ದಾರ.
ಕಡತ ಮಾತ್ರ ಮುಚ್ಚುವುದಿಲ್ಲ,
ಆ ಪುಟದ ಹತ್ತಿರ ಸ್ವಲ್ಪ
ತೆರೆದೇ ಇರುತ್ತದೆ.